ಠಾಣೆಯ ಸೇವೆಗೆ ಎರಡು ಸ್ಟಾರ್, ಅದೂ ಒಬ್ಬ ಹೆಡ್ ಕಾನ್‌ಸ್ಟೇಬಲ್‌ಗೋಸ್ಕರ

ಹಾಸನದ ಠಾಣೆಯೊಂದರ ಬಗ್ಗೆ ಬರೆಯುತ್ತಿದ್ದೇನೆ, ಹೆಸರು ಬೇಡ. ನನ್ನ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಹಾಸನಾಂಬ ದರ್ಶನದ ನೂಕುನುಗ್ಗಲಿನಲ್ಲಿ ಪೊಲೀಸರು ಹಿಂದಿನಿಂದ ಕೂಗಿದ್ದಾರೆ, ಇವನು ತಿರುಗಿಲ್ಲ. ಅಷ್ಟಕ್ಕೇ ಪರ್ಸ್ ಕಳ್ಳ ಅಂತ ಅನುಮಾನ! ಎರಡೂ ಕೈ ಹಿಂದಕ್ಕೆ ಹಿಡಿದು ಜೀಪು ಹತ್ತಿಸಿದರು. ಸನ್ನೆಯಲ್ಲಿ ಮಾತಾಡುವವನ ಕೈ ಕಟ್ಟಿದರೆ ಬಾಯಿಗೆ ಬಟ್ಟೆ ತುರುಕಿದ ಹಾಗೇ ಅಲ್ವಾ?

ನಾನು ಹೋದಾಗ ಒಬ್ಬರು ಅವನ ಕಿವಿ ಹತ್ತಿರ ಬಗ್ಗಿ ಕಿರುಚುತ್ತಿದ್ದರು. ತುಟಿ ನೋಡಿ ತಿಳಿಯೋಣ ಅಂದರೆ ಅವರ ಮುಖಕ್ಕೆ ಮಾಸ್ಕ್. ಟೇಬಲ್ ಮೇಲೆ ಟೈಪ್ ಮಾಡಿದ ಹಾಳೆ, ಸಹಿ ಹಾಕು ಅಂತ ಬೆರಳು. ಇವನೋ ಗಾಬರಿಯಾದರೆ ಎಲ್ಲದಕ್ಕೂ ತಲೆಯಾಡಿಸುವ ಆಸಾಮಿ. ಅದನ್ನೇ 'ಒಪ್ಕೊಂಡ' ಅಂದರು.

ಬಂಧಿಸಿದರೆ ಕಾರಣ ತಿಳಿಸಬೇಕು ಅಂತ ಸಂವಿಧಾನದ 22ನೇ ವಿಧಿಯಲ್ಲಿದೆ. ಬಂಧನ, ತನಿಖೆ ಹೇಗೆ ನಡೆಯಬೇಕು ಅಂತ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 47ನೇ ಕಲಮಿನಲ್ಲೂ ಇದೆ. ಕೇಳಿಸದವನ ಮುಂದೆ ಕೂಗಿದರೆ ತಿಳಿಸಿದ ಲೆಕ್ಕವಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತನಿಖೆ ನಡೆಸುವವರಿಗೂ ಅನ್ವಯಿಸುತ್ತದೆ. ಹೇಳಿದೆ, ಸುಮ್ನೆ ನೋಡಿದರು.

ಆಮೇಲೆ ಬಂದ ಹೆಡ್ ಕಾನ್‌ಸ್ಟೇಬಲ್ ಮಾತ್ರ ಬೇರೆ ಥರ. ಎದುರಿಗೆ ಕುರ್ಚಿ ಎಳೆದು ಕೂತರು, ಮಾಸ್ಕ್ ತೆಗೆದರು, ಬಿಳಿ ಹಾಳೆ, ಪೆನ್ ಕೊಟ್ಟರು. 'ಪರ್ಸ್ ಯಾರದು?' ಅಂತ ದಪ್ಪಕ್ಷರದಲ್ಲಿ ಬರೆದರು. 'ನಂದು. ಅಮ್ಮನ ಫೋಟೋ ಇದೆ' ಅಂತ ಇವನು ಬರೆದ. ತೆಗೆದು ನೋಡಿದರೆ ಇತ್ತು. ಟೀ ಕುಡಿಸಿ ಕಳಿಸಿದರು.

ಸನ್ನೆ ಭಾಷೆ ಬಲ್ಲವರನ್ನು ವಿಡಿಯೋ ಕಾಲ್‌ನಲ್ಲಿ ಹಿಡಿಯಲು ಒಂದು ನಂಬರ್ ಗೋಡೆಗೆ ಅಂಟಿಸಿದ್ದರೂ ಮೂರನೇ ಸ್ಟಾರ್ ಕೊಡುತ್ತಿದ್ದೆ.