ಹಳೇ ವಾಚಿನ ಸ್ಪೇರ್ ಗುರುತಿಸಲು ಲೂಪ್ ಮತ್ತು ಡಿಜಿಟಲ್ ಕ್ಯಾಲಿಪರ್: ಆರು ವರ್ಷ ಬಳಸಿದ ಮೇಲೆ

ಮಂಡ್ಯದ ನಮ್ಮ ಮನೆಯಲ್ಲಿ ಈಗ ಕೀ ಕೊಡುವ ವಾಚುಗಳು ಹದಿನಾಲ್ಕಿವೆ. ಎಲ್ಲವೂ ಓಡುತ್ತಿವೆ. ಅವುಗಳಿಗೆ ಸರಿಯಾದ ಸ್ಪೇರ್ ಯಾವುದು ಅಂತ ಗುರುತಿಸಲು ನಾನು ಬಳಸುವುದು ಮುಖ್ಯವಾಗಿ ಎರಡು ಸಾಮಾನು. ಒಂದು 10ಎಕ್ಸ್ ಲೂಪ್, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಕಣ್ಣಿಗೆ ಹಿಡಿಯುವ ಭೂತಗನ್ನಡಿ. ಇನ್ನೊಂದು 150 ಮಿ.ಮೀ. ಸ್ಟೀಲ್ ಡಿಜಿಟಲ್ ಕ್ಯಾಲಿಪರ್, ಅಂದರೆ ಎರಡು ದವಡೆಯ ನಡುವೆ ವಸ್ತು ಹಿಡಿದು ಅಳೆಯುವ ಸಾಧನ. ಲೂಪ್‌ಗೆ ಐದಕ್ಕೆ ಐದು ಕೊಡುತ್ತೇನೆ. ಕ್ಯಾಲಿಪರ್‌ಗೆ ಮೂರೂವರೆ.

ಇದು ಶುರುವಾದದ್ದು ಅಪ್ಪನ ವಾಚಿನಿಂದ. ಅಪ್ಪ ಮೈಶುಗರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಶಿಫ್ಟಿಗೆ ಹೊರಡುವ ಮುಂಚೆ ಕಾಫಿ ಕುಡಿಯುತ್ತಲೇ ವಾಚಿಗೆ ಕೀ ಕೊಡುತ್ತಿದ್ದರು. ಅವರು ತೀರಿಹೋದ ಮೇಲೆ ಅದನ್ನು ನಾನು ಕಟ್ಟಿಕೊಳ್ಳುತ್ತಿದ್ದೆ. ಒಂದು ದಿನ ಬಚ್ಚಲ ಕಲ್ಲಿನ ಮೇಲೆ ಬಿದ್ದು ನಿಂತುಹೋಯಿತು. ಬ್ಯಾಲೆನ್ಸ್ ಸ್ಟಾಫಿನ, ಅಂದರೆ ಆಚೆ ಈಚೆ ತೂಗುತ್ತಾ ವಾಚಿನ ಲಯ ಕಾಯುವ ಬ್ಯಾಲೆನ್ಸ್ ಚಕ್ರದ ಅಚ್ಚಿನ, ತುದಿ ಮುರಿದಿತ್ತು.

ಡಯಲ್ ಮೇಲಿನ ಹೆಸರು ಹೇಳಿ ಆನ್‌ಲೈನ್‌ನಲ್ಲಿ ಒಂದು ಸ್ಟಾಫ್ ತರಿಸಿದೆ. ಅದು ಬ್ಯಾಲೆನ್ಸ್ ಚಕ್ರದ ತೂತಿಗೆ ಕೂರಲೇ ಇಲ್ಲ. ಇನ್ನೊಂದು ಕಡೆಯಿಂದ ತರಿಸಿದೆ. ಚಕ್ರ ಕೂತಿತು, ಆದರೆ ಅದೇ ಸ್ಟಾಫಿಗೆ ಕೂರುವ ರೋಲರ್ ಎಂಬ ಪುಟ್ಟ ಬಿಲ್ಲೆ ಸಡಿಲವಾಯಿತು. ಹೀಗೇ ಮೂರು ತಿಂಗಳು ಕಳೆಯಿತು. ಹೆಸರು ಒಂದೇ ಅಲ್ವಾ, ಮತ್ಯಾಕೆ ಕೂರುತ್ತಿಲ್ಲ ಅನ್ನೋದೇ ನನಗೆ ಅರ್ಥವಾಗುತ್ತಿರಲಿಲ್ಲ.

ಕೊನೆಗೆ ಮೈಸೂರಿಗೆ ಹೋದೆ. ಅಲ್ಲಿನ ಚಿಕ್ಕ ಗಡಿಯಾರ ಗೋಪುರದ ಹತ್ತಿರ ಕೂರುವ ಒಬ್ಬ ಹಿರಿಯ ರಿಪೇರಿಯವರು ಡಯಲ್ ಕಡೆ ನೋಡಲೂ ಇಲ್ಲ. ಹಿಂದಿನ ಮುಚ್ಚಳ ತೆಗೆದು, ಬ್ಯಾಲೆನ್ಸ್ ಎತ್ತಿ ಪಕ್ಕಕ್ಕಿಟ್ಟು, ಲೂಪ್ ನನ್ನ ಕೈಗೆ ಕೊಟ್ಟರು. ಬ್ಯಾಲೆನ್ಸ್ ತಿರುಗುವ ಜಾಗದ ಕೆಳಗೆ, ಪ್ಲೇಟಿನ ಮೇಲೆ, ಸಾಸಿವೆ ಕಾಳಿಗಿಂತ ಚಿಕ್ಕ ಅಕ್ಷರ. ಎಣ್ಣೆಯ ಕಲೆ ಒರೆಸಿದ ಮೇಲೆ ಕಂಡಿತು: ಎಫ್‌ಎಚ್‌ಎಫ್, ಪಕ್ಕದಲ್ಲಿ 96. ಡಯಲ್ ಮೇಲಿದ್ದ ಕಂಪನಿ ಒಳಗಿನ ಈ ಮಿಷಿನ್ ಮಾಡಿದ್ದೇ ಅಲ್ಲ. ಮಾಡಿದ್ದು ಎಫ್‌ಎಚ್‌ಎಫ್, ಅಂದರೆ ಸ್ವಿಟ್ಜರ್ಲೆಂಡಿನ ಫಾಂಟೆನ್‌ಮೆಲಾನ್ ಕಾರ್ಖಾನೆ. ಎ. ಶೀಲ್ಡ್, ಇಟಿಎ ಎಂಬ ಸ್ವಿಸ್ ಕಾರ್ಖಾನೆಗಳ ಥರಾನೇ ಇವರೂ ಬೇರೆ ಬೇರೆ ಕಂಪನಿಗಳಿಗೆ ಮಿಷಿನ್ ಕೊಡುತ್ತಿದ್ದರು. ಅವರವರು ತಮ್ಮ ಹೆಸರಿನ ಡಯಲ್ ಹಾಕಿ ಮಾರುತ್ತಿದ್ದರು. ಹಾಗಾಗಿ ಸ್ಪೇರ್ ಕೇಳಬೇಕಾದ್ದು ಮಿಷಿನ್ ಮಾಡಿದವರ ಗುರುತು ಮತ್ತು ಕ್ಯಾಲಿಬರ್ ನಂಬರ್, ಅಂದರೆ ಮಿಷಿನ್ ಮಾದರಿಯ ನಂಬರ್, ಹೇಳಿ. ನಮ್ಮಲ್ಲಿ ಡಯಲ್‌ಗೆ ಹೊಸದಾಗಿ ಬಣ್ಣ ಹಾಕಿ ಮಾರುವ ಹಳೇ ವಾಚು ಜಾಸ್ತಿ. ಅಂಥವುಗಳಲ್ಲಿ ಡಯಲ್ ನಂಬಲೇಬಾರದು.

ಊರಿಗೆ ವಾಪಸ್ ಬಂದ ವಾರವೇ ಲೂಪ್ ಕೊಂಡೆ. 10ಎಕ್ಸ್ ಲೂಪ್‌ನಲ್ಲಿ ವಸ್ತುವನ್ನು ಸುಮಾರು ಎರಡೂವರೆ ಸೆಂಟಿಮೀಟರ್ ಹತ್ತಿರ ತರಬೇಕು. ಕೈ ಅಭ್ಯಾಸವಾಗಲು ಎರಡು ವಾರ ಬೇಕಾಯಿತು. ಉಸಿರಿನ ಆವಿ ಕೂರುತ್ತೆ, ಅದಕ್ಕೆ ಪಕ್ಕದಲ್ಲಿ ಗಾಳಿಯ ತೂತು ಇರುವುದನ್ನೇ ತಗೊಳ್ಳಿ. ಆರು ವರ್ಷದಲ್ಲಿ ಇದಕ್ಕೆ ಏನೂ ಆಗಿಲ್ಲ. ನಂಬರ್ ಓದುವುದಷ್ಟೇ ಅಲ್ಲ, ವಾಚು ಬಿದ್ದಾಗ ಸ್ಟಾಫಿಗೆ ಆಗುವ ಶಾಕ್ ತಡೆಯುವ ಸ್ಪ್ರಿಂಗಿನ ಆಕಾರವೂ ಇದರಲ್ಲಿ ಚೆನ್ನಾಗಿ ಕಾಣುತ್ತೆ. ಇನ್‌ಕಾಬ್ಲಾಕ್ ಎಂಬ ಸ್ವಿಸ್ ಶಾಕ್ ವ್ಯವಸ್ಥೆಯಾದರೆ ಲೈರ್ ಎಂಬ ಗ್ರೀಕ್ ತಂತಿ ವಾದ್ಯದ ಆಕಾರ. ಎಚ್‌ಎಂಟಿ ಜನತಾದಲ್ಲಿ ಇರುವುದು ಜಪಾನಿನ ಸಿಟಿಜನ್‌ನ ಪ್ಯಾರಾಶಾಕ್. ಇದನ್ನು ನೋಡಲೇಬೇಕು, ಯಾಕಂದ್ರೆ ಒಂದೇ ಕ್ಯಾಲಿಬರ್ ಶಾಕ್ ವ್ಯವಸ್ಥೆ ಇರುವುದೂ ಇಲ್ಲದಿರುವುದೂ ಎರಡೂ ಬಂದಿದ್ದರೆ, ಎರಡಕ್ಕೂ ಸ್ಟಾಫ್ ಬೇರೆ ಬೇರೆ.

ಕ್ಯಾಲಿಪರ್ ವಿಷಯ ಬೇರೆ. ಪರದೆಯಲ್ಲಿ 0.01 ಮಿ.ಮೀ. ವರೆಗೆ ತೋರಿಸುತ್ತೆ, ಆದರೆ ನಿಜವಾದ ನಿಖರತೆ ±0.02. ಮಿಷಿನ್ ಅಗಲ ಅಳೆಯಲು ಇದು ಧಾರಾಳ ಸಾಕು. ಹಳೇ ಸ್ವಿಸ್ ಮಿಷಿನ್‌ಗಳನ್ನು ಲೈನ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಲೈನ್ ಅಂದರೆ 2.256 ಮಿ.ಮೀ., ಹನ್ನೊಂದೂವರೆ ಲೈನ್ ಅಂದರೆ ಸುಮಾರು 26. ಕೀ ಕಡ್ಡಿಯ ತುದಿಯ ತಿರುಪು ಸುತ್ತು (ಥ್ರೆಡ್) ಅಳೆಯುವುದೂ ಸುಲಭ. 0.9 ಮಿ.ಮೀ. ಥ್ರೆಡ್ಡಿನ ಕಡ್ಡಿಗೆ 1.2ರ ಕ್ರೌನ್, ಅಂದರೆ ಕೀ ಕೊಡುವ ಗುಂಡಿ, ಹಾಕಲು ಹೋಗುವ ತಪ್ಪು ಇದರಿಂದ ನಿಲ್ಲುತ್ತೆ.

ಇದು ಸೋಲುವುದು ಸ್ಟಾಫಿನ ತುದಿಯಲ್ಲಿ. ಆ ತುದಿ ಇರುವುದೇ ಸುಮಾರು 0.10 ಮಿ.ಮೀ. ಅದರಲ್ಲಿ 0.02 ತಪ್ಪು ಅಂದರೆ ಐದನೇ ಒಂದು ಭಾಗ. ಮೇಲಾಗಿ ಮುರಿದ ಸ್ಟಾಫಿನ ಪೂರ್ತಿ ಉದ್ದ ಅಳೆಯೋದು ಹೇಗೆ? ಮುರಿದ ತುಂಡೇ ಕಳೆದುಹೋಗಿರುತ್ತೆ. ಅದಕ್ಕೇ ಮೊದಲು ನಂಬರ್, ಆಮೇಲೆ ಅಳತೆ. ನಂಬರ್ ನೋಡಿ ತರಿಸಿದ ಭಾಗ ಸರಿಯಾಗಿದೆಯಾ ಅಂತ ಪರೀಕ್ಷಿಸಲು ಕ್ಯಾಲಿಪರ್ ಬೇಕು. ಅದೊಂದನ್ನೇ ನಂಬಿ ಭಾಗ ಹುಡುಕಲು ಹೋಗಬೇಡಿ.

ಮೇನ್ ಸ್ಪ್ರಿಂಗ್‌ನಲ್ಲೂ ಹೀಗೇ. ಕೀ ಕೊಟ್ಟಾಗ ಸುತ್ತಿಕೊಂಡು ವಾಚನ್ನು ಓಡಿಸುವ ಈ ಪಟ್ಟಿಗೆ ನಾಲ್ಕು ಅಳತೆ: ಎತ್ತರ, ದಪ್ಪ, ಉದ್ದ, ಅದು ಕೂರುವ ಡಬ್ಬಿಯ (ಬ್ಯಾರಲ್) ಒಳಗಿನ ವ್ಯಾಸ. ಎತ್ತರ ಕ್ಯಾಲಿಪರ್‌ನಲ್ಲಿ ಚೆನ್ನಾಗಿ ಸಿಗುತ್ತೆ. ದಪ್ಪ ಸಿಗಲ್ಲ. ದಪ್ಪದ ಘನಕ್ಕೆ ತಕ್ಕಂತೆ ಸ್ಪ್ರಿಂಗಿನ ಬಲ ಏರುತ್ತೆ. 0.10 ಇರಬೇಕಾದಲ್ಲಿ 0.11 ಹಾಕಿದರೆ ಬಲ ಮೂರನೇ ಒಂದು ಭಾಗದಷ್ಟು ಜಾಸ್ತಿಯಾಗುತ್ತೆ. ಬ್ಯಾಲೆನ್ಸ್ ಅತಿಯಾಗಿ ತೂಗಿ, ಕುದುರೆ ಓಡಿದ ಹಾಗೆ ಸದ್ದು ಮಾಡುತ್ತಾ ವಾಚು ತುಂಬಾ ಫಾಸ್ಟ್ ಹೋಗುತ್ತೆ. ಒಂದು ಎ. ಶೀಲ್ಡ್ ಮಿಷಿನ್‌ನಲ್ಲಿ ನನಗೇ ಹೀಗಾಗಿದೆ. ಈಗ ದಪ್ಪವನ್ನು ಕ್ಯಾಟಲಾಗ್ ನೋಡಿಯೇ ತಗೊಳ್ಳುತ್ತೇನೆ.

ಸ್ವಿಸ್ ಕ್ಯಾಟಲಾಗ್‌ನ ಭಾಗದ ನಂಬರ್ ಕೆಲವನ್ನಾದರೂ ಬಾಯಿಪಾಠ ಮಾಡಿಕೊಳ್ಳಿ. 401 ಕೀ ಕಡ್ಡಿ, 443 ಸೆಟ್ಟಿಂಗ್ ಲಿವರ್, 710 ಪ್ಯಾಲೆಟ್ ಫೋರ್ಕ್, 723 ಬ್ಯಾಲೆನ್ಸ್ ಸ್ಟಾಫ್, 770 ಮೇನ್ ಸ್ಪ್ರಿಂಗ್. ಎಫ್‌ಎಚ್‌ಎಫ್ 96, ಭಾಗ 723, ಇನ್‌ಕಾಬ್ಲಾಕ್ ಇದೆ ಅಥವಾ ಇಲ್ಲ, ಇಷ್ಟು ಬರೆದು ಕಳಿಸಿದರೆ ಅಂಗಡಿಯವರು ಬೇರೆ ಏನೂ ಕೇಳುವುದಿಲ್ಲ. ಎಚ್‌ಎಂಟಿಗೆ ಈ ದಾರಿ ಪೂರ್ತಿ ನಡೆಯಲ್ಲ. ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಾಚುಗಳು ಅವು. ಕಂಪನಿ ಮುಚ್ಚಲು 2016ರಲ್ಲಿ ಒಪ್ಪಿಗೆಯಾಯಿತು. ಈಗ ಸ್ಪೇರ್ ಬೇಕಂದ್ರೆ ಹಳೇ ಸ್ಟಾಕ್ ಇಲ್ಲವೇ ಇನ್ನೊಂದು ವಾಚು ಬಿಚ್ಚಬೇಕು. ಆ ಹದಿನಾಲ್ಕನ್ನು ಬಿಟ್ಟು 0231 ಕ್ಯಾಲಿಬರ್‌ನ ಎರಡು ಕೆಟ್ಟ ಜನತಾ ನಾನು ಸುಮ್ನೆ ಸ್ಪೇರ್‌ಗಾಗಿಯೇ ಇಟ್ಟಿದ್ದೇನೆ.

ಕ್ಯಾಲಿಪರ್‌ನಲ್ಲಿ ಇನ್ನೊಂದು ತೊಂದರೆ ಬ್ಯಾಟರಿ. ಆಫ್ ಮಾಡಿದರೂ ಒಳಗೆ ಕರೆಂಟ್ ತಿನ್ನುತ್ತಿರುತ್ತೆ. ಎಲ್ಆರ್44 ಎಂಬ ಆಲ್ಕಲೈನ್ ಬಟನ್ ಬ್ಯಾಟರಿ ಹಾಕಿದಾಗ ಎರಡು ಮೂರು ತಿಂಗಳಿಗೇ ಅಂಕಿ ಮಿನುಗಲು ಶುರುವಾಗುತ್ತಿತ್ತು. ಅದೇ ಅಳತೆಯ ಸಿಲ್ವರ್ ಆಕ್ಸೈಡ್ ಬ್ಯಾಟರಿ ಎಸ್ಆರ್44 ಹಾಕಿದ ಮೇಲೆ ವಾಸಿ. ಕೆಲಸ ಮುಗಿದ ಮೇಲೆ ಬ್ಯಾಟರಿ ತೆಗೆದಿಡುತ್ತೇನೆ. ಅಳೆಯುವಾಗ ದವಡೆಯನ್ನು ಒತ್ತಬೇಡಿ, ಸಣ್ಣ ಭಾಗ ಬಾಗುತ್ತೆ.

ಅಪ್ಪನ ವಾಚಿಗೆ ಸರಿಯಾದ ಸ್ಟಾಫ್ ಹತ್ತೇ ದಿನದಲ್ಲಿ ಬಂತು. ಲೂಪ್ ಹಾಕಿ ನೋಡಿದೆ, ಚಕ್ರ ಕೂರುವ ಜಾಗ, ರೋಲರ್ ಕೂರುವ ಜಾಗ ಎರಡನ್ನೂ ಅಳೆದೆ. ಆಮೇಲೆ ಮೈಸೂರಿಗೆ ಒಯ್ದು, ರಿಪೇರಿಯವರ ಕೈಯಲ್ಲೇ ಸ್ಟಾಫನ್ನು ಚಕ್ರಕ್ಕೆ ರಿವೆಟ್ ಮಾಡಿಸಿದೆ, ಅಂದರೆ ತಟ್ಟಿ ಗಟ್ಟಿಯಾಗಿ ಕೂರಿಸಿದೆ. ಆ ಕೆಲಸ ಮಾತ್ರ ನಾನು ಮನೆಯಲ್ಲಿ ಮಾಡುವುದಿಲ್ಲ. ಈಗ ಕೀ ಕೊಟ್ಟರೆ ಒಂದೂವರೆ ದಿನ ನಡೆಯುತ್ತೆ.