ಆಂಟೆನಾಪಾಡ್ ಮತ್ತು ಒಂಬತ್ತನೇ ತರಗತಿಯ ಮೂರನೇ ಪೀರಿಯಡ್

ನಾನು ತರೀಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಕೊಳವೆಬಾವಿಯ ಹತ್ತಿರ ಹೋಗಿ ನಿಂತರೆ ಮಾತ್ರ ಮೊಬೈಲ್‌ಗೆ ಸಿಗ್ನಲ್. ಪಾಡ್‌ಕಾಸ್ಟ್ (ಇಂಟರ್ನೆಟ್‌ನಲ್ಲಿ ಕಂತುಕಂತಾಗಿ ಬರುವ ಧ್ವನಿ ಕಾರ್ಯಕ್ರಮ) ಕೇಳಿಸಿ ಪಾಠ ಮಾಡುತ್ತೇನೆ ಎಂದಾಗ ಗಣಿತದ ಮೇಷ್ಟ್ರು, "ಮೊದಲು ಕರೆಂಟ್ ಸರಿಯಾಗಿ ಇರಲಿ ಮೇಡಂ" ಎಂದು ನಕ್ಕಿದ್ದರು. ಎರಡು ವರ್ಷದಿಂದ ಆಂಟೆನಾಪಾಡ್ ಎಂಬ ಪಾಡ್‌ಕಾಸ್ಟ್ ಕೇಳುವ ಆ್ಯಪ್ ಬಳಸುತ್ತಿದ್ದೇನೆ. ಕರೆಂಟ್ ಹೋದ ದಿನವೂ ಪಾಠ ನಿಂತಿಲ್ಲ.

ಉಚಿತ, ಆಂಡ್ರಾಯ್ಡ್‌ಗೆ ಮಾತ್ರ. ಮುಕ್ತ ತಂತ್ರಾಂಶ, ಅಂದರೆ ಇದರ ಕೋಡನ್ನು ಯಾರು ಬೇಕಾದರೂ ನೋಡಬಹುದು. ಖಾತೆ ತೆರೆ, ಇಮೇಲ್ ಕೊಡು ಎಂಬ ಕಾಟವಿಲ್ಲ. ಆ್ಯಪ್ ತನ್ನ ಜಾಹೀರಾತು ತೋರಿಸುವುದಿಲ್ಲ. ಇದಕ್ಕೂ ಮೊದಲು ಬಳಸುತ್ತಿದ್ದ ಬೇರೊಂದು ಆ್ಯಪ್, ವಿಜಯನಗರದ ಪತನದ ನಡುವೆ ರಮ್ಮಿ ಆಡಲು ಕರೆದು ಮೂವತ್ತೆಂಟು ಮಕ್ಕಳ ಎದುರು ನನ್ನ ಮಾನ ಕಳೆದಿತ್ತು. (ಕಾರ್ಯಕ್ರಮದವರೇ ಸಂಚಿಕೆಯೊಳಗೆ ಸೇರಿಸಿದ ಜಾಹೀರಾತನ್ನು ಆಂಟೆನಾಪಾಡ್ ಕೂಡ ತೆಗೆಯುವುದಿಲ್ಲ. ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳಿ.) ರಾತ್ರಿ ಮನೆಯಲ್ಲಿ ಡೌನ್‌ಲೋಡ್ ಮಾಡುತ್ತೇನೆ. ಇಪ್ಪತ್ತು ನಿಮಿಷದ ಮಾತು 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಗುಣಮಟ್ಟದಲ್ಲಿದ್ದರೆ ಹತ್ತು ಎಂಬಿಯೂ ಆಗುವುದಿಲ್ಲ.

ಆಕಾಶವಾಣಿಯಲ್ಲಿ ಶಾಲಾ ಮಕ್ಕಳಿಗಾಗಿ ಚಿನ್ನರ ಚುಕ್ಕಿ, ಕೇಳಿ ಕಲಿ ಕಾರ್ಯಕ್ರಮಗಳು ಬರುತ್ತಿದ್ದ ಕಾಲವನ್ನು ನೋಡಿದವಳು ನಾನು. ಚೆನ್ನಾಗಿದ್ದವು. ಆದರೆ ಹಿಂದಿನ ಬೆಂಚಿನವನು ಕೈ ಎತ್ತಿದನೆಂದು ರೇಡಿಯೊ ಕಾಯುತ್ತಿರಲಿಲ್ಲ. ಇಲ್ಲಿ ನಿಲ್ಲಿಸಬಹುದು, ಗುಂಡಿ ಒತ್ತಿದರೆ ಹತ್ತು ಸೆಕೆಂಡು ಹಿಂದೆ ಹೋಗಬಹುದು. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ನಾನು ಕೇಳಿಸುವುದು ಆರೇಳು ನಿಮಿಷ, ಅದೂ ನಾಲ್ಕು ತುಂಡಾಗಿ. ಉಳಿದದ್ದೆಲ್ಲ ಜಗಳ, ಪ್ರಶ್ನೆ, ನಕಾಶೆ.

ಕನ್ನಡದಲ್ಲಿ ಮಕ್ಕಳಿಗೆ ಹೊಂದುವುದನ್ನು ಹುಡುಕುವುದೇ ಕಷ್ಟ. ತಲೆ-ಹರಟೆಯಂಥ ಒಳ್ಳೆಯ ಕಾರ್ಯಕ್ರಮವಿದೆ, ಆದರೆ ಅದು ದೊಡ್ಡವರ ದೀರ್ಘ ಮಾತುಕತೆ. ಬೇಕಾದ ಭಾಗ ಎಲ್ಲಿ ಶುರುವಾಗುತ್ತದೆ ಎಂದು ಚೀಟಿಯಲ್ಲಿ ನಿಮಿಷ, ಸೆಕೆಂಡು ಬರೆದಿಟ್ಟುಕೊಳ್ಳುತ್ತೇನೆ.

ಹಾಗಾಗಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಯಾರೂ ಹೊಗಳದ ಒಂದು ಸೌಲಭ್ಯ: ಫೋನಿನಲ್ಲಿರುವ ಒಂದು ಫೋಲ್ಡರನ್ನೇ ಪಾಡ್‌ಕಾಸ್ಟ್ ಎಂದು ಸೇರಿಸಬಹುದು. ಜಲ ಸಂಪನ್ಮೂಲದ ಪಾಠ ಬಂದಾಗ, ಮನೆಯ ಹಿರಿಯರನ್ನು ಮಾತನಾಡಿಸಿ ರೆಕಾರ್ಡ್ ಮಾಡಿಕೊಂಡು ಬನ್ನಿ ಎಂದೆ. ನಮ್ಮ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಪೂರ್ಣಗೊಂಡದ್ದು 1965ರಲ್ಲಿ. ಮುಳುಗಡೆಯ ನೆನಪಿರುವವರು ಇನ್ನೂ ಇದ್ದಾರೆ. ಹನ್ನೊಂದು ಧ್ವನಿಮುದ್ರಿಕೆ ಬಂದವು. ಫೋಲ್ಡರಿಗೆ ಹಾಕಿದೆ. ದೊಡ್ಡವರ ಕಾರ್ಯಕ್ರಮಗಳ ಸಾಲಿನಲ್ಲೇ "ಒಂಬತ್ತು ಬಿ" ಎಂದೂ ಕಾಣಿಸಿಕೊಂಡಿತು. ಮಕ್ಕಳು ನನ್ನ ಫೋನನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು.

ಒಂದು ತಪ್ಪು ಮಾಡಿದೆ. ಮೌನದ ಜಾಗವನ್ನು ತಾನೇ ಹಾರಿಸಿ ಮುಂದೆ ಹೋಗುವ ಆಯ್ಕೆಯೊಂದು ಇದರಲ್ಲಿದೆ. ಸಮಯ ಉಳಿಯಲೆಂದು ಅದನ್ನು ಹಾಕಿಟ್ಟಿದ್ದೆ. "ಊರು ಬಿಡುವಾಗ ಏನು ತಂದಿರಿ ಅಜ್ಜಿ?" ಎಂಬ ಪ್ರಶ್ನೆಗೆ ಅಜ್ಜಿ ಫಟ್ಟನೆ "ಒಳಕಲ್ಲು ತರಲಾಗಲಿಲ್ಲ" ಎಂದರು. ರೆಕಾರ್ಡ್ ಮಾಡಿದ್ದ ಮೊಮ್ಮಗಳು ಎದ್ದು ನಿಂತು, "ಇಲ್ಲ ಮಿಸ್, ಅಜ್ಜಿ ತುಂಬಾ ಹೊತ್ತು ಸುಮ್ಮನಿದ್ದರು" ಎಂದಳು. ಆಯ್ಕೆ ತೆಗೆದು ಮತ್ತೆ ಕೇಳಿಸಿದೆ. ಆ ಮೌನದಲ್ಲಿ ಬಿಸಿಯೂಟದ ಕೋಣೆಯ ಕುಕ್ಕರ್ ಕೂಗಿದ್ದೂ ಕೇಳಿಸಿತು, ಯಾರೂ ನಗಲಿಲ್ಲ.

ಸ್ಪೀಕರ್ ಬಗ್ಗೆ ಒಂದು ಮಾತು: ₹900 ಕೊಟ್ಟು ತಂದ ಪುಟ್ಟ ಬ್ಲೂಟೂತ್ ಡಬ್ಬಿ ಕೊನೆಯ ಬೆಂಚಿಗೆ ತಲುಪುವುದಿಲ್ಲ. ಅದನ್ನು ಕೋಣೆಯ ನಡುವೆ ಸ್ಟೂಲಿನ ಮೇಲಿಟ್ಟು ಸುತ್ತ ಕೂರಿಸಿದರೆ ಸಾಕಾಗುತ್ತದೆ.

ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಇದು ಕೇಳುವ ಆ್ಯಪ್, ಕತ್ತರಿಸಿ ಜೋಡಿಸುವುದಲ್ಲ. ಅಜ್ಜಿ ಮೊಮ್ಮಗಳ ಕೈಯಲ್ಲಿ, ತಾನು ಮಾತನಾಡುವಾಗ ಕೋಳಿ ಕೂಗಿದ್ದನ್ನು ತೆಗೆಸಬೇಕೆಂದು ಹೇಳಿ ಕಳುಹಿಸಿದ್ದಾರೆ. ಅದಕ್ಕೆ ಇದರಲ್ಲಿ ದಾರಿಯಿಲ್ಲ.