ಕಚ್ಚಿಕೊಂಡ ಡ್ರೈವ್‌ಶಾಫ್ಟ್: ಎಣ್ಣೆಯೋ, ಕಾವೋ, ಗರಗಸವೋ?

ಬಾಗಲಕೋಟೆಯ ಹಿನ್ನೀರಿನ ದೋಣಿಯ ಹಿಂಬದಿಗೆ ಹಾಕುವ ಸಣ್ಣ ಔಟ್‌ಬೋರ್ಡ್ ಮೋಟಾರು ವರ್ಷಗಟ್ಟಲೆ ಬಿಚ್ಚದೆ ಉಳಿದರೆ, ತಿರುಗುವ ಬಲವನ್ನು ಕೆಳಗಿನ ಪ್ರೊಪೆಲ್ಲರಿನತ್ತ ಒಯ್ಯುವ ಉದ್ದನೆಯ ದಂಡ, ಅಂದರೆ ಡ್ರೈವ್‌ಶಾಫ್ಟಿನ ಮೇಲ್ತುದಿಯ ಹಲ್ಲುಗಳು ಎಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕ್‌ಶಾಫ್ಟಿನೊಳಗೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಬೋಲ್ಟು ಬಿಚ್ಚಿದರೂ ಗೇರ್‌ಕೇಸು (ಪ್ರೊಪೆಲ್ಲರ್ ಇರುವ ಕೆಳಭಾಗ) ಕಳಚಿ ಬರದೆ ತುಸು ಸಂದು ಬಿಟ್ಟು ನಿಂತುಬಿಡುತ್ತದೆ.

ಖರ್ಚು ನೋಡಿದರೆ ತುಕ್ಕು ಬಿಡಿಸುವ ಎಣ್ಣೆಯೇ ಅಗ್ಗ. ಆದರೆ ಬೆಸುಗೆಯಂತೆ ಕೂತ ಆ ಜಾಗ ಮೇಲಿರುವುದರಿಂದ, ಪೆಟ್ರೋಲು, ಆಯಿಲು ಬಸಿದು ಮೋಟಾರನ್ನು ತಲೆಕೆಳಗಾಗಿಸಿ ಎಣ್ಣೆ ಬಿಟ್ಟು, ಕೆಲವು ದಿನ ಕಾಯಬೇಕು. ಕಾವು ಬೇಗ ಫಲ ಕೊಟ್ಟೀತು. ಕ್ರ್ಯಾಂಕಿನ ಕೆಳಗಿನ ರಬ್ಬರ್ ಸೀಲು ಮಾತ್ರ ಸುಟ್ಟುಹೋಗಬಹುದು, ಪೆಟ್ರೋಲಿನ ಆವಿಯ ಅಪಾಯವೂ ಉಂಟು. ಸಂದಿನಲ್ಲಿ ಗರಗಸದ ಅಲಗು ತೂರಿಸಿ ಕೊಯ್ದರೆ ಗೇರ್‌ಕೇಸು ಖಂಡಿತ ಇಳಿಯುತ್ತದೆ, ಶಾಫ್ಟು ಹಾಳಾಗುತ್ತದೆ, ಒಳಗುಳಿದ ತುಂಡನ್ನು ಆಮೇಲೆ ತೆಗೆಯಬೇಕು.

ಹಳೆಯ ಮಾದರಿಗೆ ಶಾಫ್ಟು ಸಿಗದಿದ್ದರೆ ಎಣ್ಣೆ ಹಾಕಿ ಕಾಯುವುದೇ ಲೇಸು. ಸೀಲು ಹೇಗೂ ಬದಲಿಸುವುದಿದ್ದರೆ ಕಾವು ಕೊಡಬಹುದು. ಹೊಸ ಶಾಫ್ಟು ಕೈಯಲ್ಲಿದ್ದು ಕೆಲಸದ ಆತುರವಿದ್ದರೆ ಕೊಯ್ಯುವುದು ತಪ್ಪಲ್ಲ. ಯಾವ ದಾರಿ ಹಿಡಿದರೂ ಸಂದಿಗೆ ಹಾರೆ ಹಾಕಿ ಮೀಟಬಾರದು. ಅಲ್ಯೂಮಿನಿಯಂ ಕೇಸು ಸೀಳುತ್ತದೆ.